ಪರದೆಯ ಪಾಠ, ಮೇಜಿನ ಮೇಲಿನ ನಾಯಿ

ಅರಿವಳಿಕೆ ಕೊಟ್ಟು ಮಲಗಿಸಿದ ನಾಯಿಯ ಎದೆಬಡಿತ ನಿಂತುಹೋದರೆ ವೈದ್ಯರಿಗೆ ಉಳಿಯುವುದು ಕೆಲವೇ ನಿಮಿಷ. ಪುಸ್ತಕ ತೆರೆಯಲು, ಹಿರಿಯರಿಗೆ ಫೋನ್ ಮಾಡಲು ಆಗ ಪುರುಸೊತ್ತಿರುವುದಿಲ್ಲ. ಕೈಗೆ ಬರುವುದು ಮೊದಲೇ ಕಲಿತು ಕೈಗೂಡಿಸಿಕೊಂಡದ್ದು ಮಾತ್ರ. ನಾಯಿ-ಬೆಕ್ಕುಗಳ ವೈದ್ಯರಿಗಾಗಿ ಇಂದು ಆನ್‌ಲೈನ್‌ನಲ್ಲಿ ಹರಿದುಬರುತ್ತಿರುವ ಕೋರ್ಸು, ವೆಬಿನಾರು, ಮಾಡ್ಯೂಲುಗಳನ್ನು ತೂಗಬೇಕಾದದ್ದು ಇಂಥ ನಿಮಿಷಗಳಲ್ಲಿ ಅವು ಎಷ್ಟು ಉಪಯೋಗಕ್ಕೆ ಬಂದವು ಎಂಬುದರಿಂದ. ಎಷ್ಟು ಗಂಟೆ ಕೇಳಿದರು, ಎಷ್ಟು ಸರ್ಟಿಫಿಕೇಟ್ ಇಳಿಸಿಕೊಂಡರು ಎಂಬ ಲೆಕ್ಕದಿಂದ ಆ ತೂಕ ಸಿಗುವುದಿಲ್ಲ.

ಈ ಪರೀಕ್ಷೆಗೆ ಎದೆಗೊಟ್ಟು ನಿಲ್ಲುವ ಒಂದು ಕೋರ್ಸ್ ಇದೆ. ‘ರಿಕವರ್’ ಎಂಬ ತಂಡ 2012ರಲ್ಲಿ ನಾಯಿ-ಬೆಕ್ಕುಗಳ ಸಿಪಿಆರ್‌ಗೆ ಸಂಶೋಧನೆಗಳನ್ನು ಜಾಲಾಡಿ ಮಾರ್ಗಸೂಚಿ ಹೊರತಂದಿತು. 2024ರಲ್ಲಿ ಅದನ್ನು ಪರಿಷ್ಕರಿಸಿತು. ಆ ಮಾರ್ಗಸೂಚಿಯನ್ನು ಕಲಿಸುವ ಕೋರ್ಸ್ ಇದು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಮಗ್ಗುಲಾಗಿ ಮಲಗಿದ ಪ್ರಾಣಿಯ ಎದೆಯನ್ನು ಅದರ ಅಗಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅದುಮಬೇಕು, ಎರಡೆರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು. ಇಷ್ಟನ್ನು ಗೋಡೆಗೆ ಅಂಟಿಸಿದ ಪೋಸ್ಟರೂ ಹೇಳೀತು. ಕೋರ್ಸಿನ ಹೆಚ್ಚುಗಾರಿಕೆ ಇರುವುದು ಎದೆಯ ಆಕಾರ ನೋಡಿ ನಿರ್ಧರಿಸಲು ಕಲಿಸುವುದರಲ್ಲಿ. ಬುಲ್‌ಡಾಗ್‌ನಂಥ ಅಗಲ ಎದೆಯ ನಾಯಿಯನ್ನು ಅಂಗಾತ ಮಲಗಿಸಬೇಕು. ಗ್ರೇಹೌಂಡ್‌ನಂಥ ಆಳವಾದ, ಕಿರಿದಾದ ಎದೆಯದ್ದಾದರೆ ಮಗ್ಗುಲಾಗಿ ಮಲಗಿಸಿ ನೇರವಾಗಿ ಹೃದಯದ ಮೇಲೆಯೇ ಒತ್ತಬೇಕು. ನಮ್ಮ ಮುಧೋಳ ನಾಯಿಯ ಮೈಕಟ್ಟು ಬಲ್ಲ ಬಾಗಲಕೋಟೆಯ ವೈದ್ಯರಿಗೆ ಈ ಎರಡನೆಯ ಮಾತು ನಾಳೆಯೇ ಬೇಕಾದೀತು. ಯತ್ನ ಬಹಳ ಹೊತ್ತು ಸಾಗಿದಾಗ ಅಡ್ರಿನಲಿನ್‌ನ ದೊಡ್ಡ ಡೋಸ್ ಕೊಟ್ಟು ನೋಡಬಹುದು ಎಂದು 2012ರಲ್ಲಿ ಇದ್ದ ಅವಕಾಶವನ್ನು 2024ರ ಪರಿಷ್ಕರಣೆ ತೆಗೆದುಹಾಕಿತು. ಒಮ್ಮೆ ಕಲಿತು ಅಲ್ಲಿಗೇ ನಿಂತವರು ಈಗಲೂ ಆ ಡೋಸನ್ನೇ ಸಿರಿಂಜಿಗೆ ಎಳೆಯುತ್ತಿರಬಹುದು. ಮತ್ತೆ ಮತ್ತೆ ಕಲಿಯಬೇಕು ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಡ.

ಈ ಕೋರ್ಸನ್ನು ನಾನು ಮೆಚ್ಚುವುದು ಮುಖ್ಯವಾಗಿ ಅದರ ಪ್ರಾಮಾಣಿಕತೆಗೆ. ಪರದೆಯ ಮೇಲೆ ಕಲಿಸಲಾಗುವುದನ್ನು ಅಲ್ಲಿ ಕಲಿಸಿ, ಉಳಿದದ್ದಕ್ಕೆ ಬೊಂಬೆ ನಾಯಿಯ ಮುಂದೆ ಬಂದು ನಿಲ್ಲಿ ಎಂದು ಕರೆಯುತ್ತದೆ. ತರಬೇತುದಾರರ ಎದುರು ಒತ್ತಿ ತೋರಿಸಿದ ಮೇಲಷ್ಟೇ ಪೂರ್ಣ ಪ್ರಮಾಣಪತ್ರ. ಇನ್ನೊಂದು ಸಂಗತಿ: ಅದರ ಮೊದಲ ಹಂತದ ಪಾಠ ವೈದ್ಯರಿಗಷ್ಟೇ ಮೀಸಲಲ್ಲ, ಇಡೀ ತಂಡಕ್ಕಾಗಿ ಇದೆ. ನಮ್ಮ ಕ್ಲಿನಿಕ್ಕುಗಳಲ್ಲಿ ನಾಯಿಯನ್ನು ಹಿಡಿಯುವವರು, ಡ್ರಿಪ್ ನೋಡಿಕೊಳ್ಳುವವರು, ಉಸಿರು ನಿಂತದ್ದನ್ನು ಮೊದಲು ಕಾಣುವವರು ಅಟೆಂಡರುಗಳು. ಅವರಲ್ಲಿ ಬಹುತೇಕರಿಗೆ ಇಂಗ್ಲಿಷಿನ ಮಾಡ್ಯೂಲ್ ಮುಚ್ಚಿದ ಬಾಗಿಲು. ಅವರಿಗಾಗಿ ಅರ್ಧ ಗಂಟೆಯ ಕನ್ನಡ ಪಾಠವೊಂದು ತಯಾರಾದರೆ ಎಷ್ಟೋ ದುಬಾರಿ ಕೋರ್ಸುಗಳಿಗಿಂತ ಹೆಚ್ಚು ಜೀವ ಉಳಿದೀತು.

ದೂರದಲ್ಲಿರುವವರಿಗೂ ಹೊಸ ತಿಳಿವಳಿಕೆ ಮುಟ್ಟಬೇಕೆಂಬ ಹಂಬಲ ಈ ಕ್ಷೇತ್ರಕ್ಕೆ ಹಳೆಯದು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು ಬೆಕ್ಕುಗಳ ಒಂದು ಮಾರಕ ಹೃದ್ರೋಗಕ್ಕೆ ಆಹಾರದಲ್ಲಿ ಟಾರಿನ್ ಎಂಬ ಅಂಶದ ಕೊರತೆಯೇ ಕಾರಣ, ಅದನ್ನು ತುಂಬಿಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆ ಎಂದು ತೋರಿಸಿದರು. ಬೆಕ್ಕಿನ ಆಹಾರ ತಯಾರಕರು ಟಾರಿನ್ ಹೆಚ್ಚಿಸಿದ ಮೇಲೆ ಆ ರೋಗವೇ ಅಪರೂಪವಾಯಿತು. ಅದೇ ಪಿಯಾನ್, ಡಂಕನ್ ಫರ್ಗುಸನ್ ಜೊತೆ ಸೇರಿ 1991ರಲ್ಲಿ ‘ವೆಟರ್ನರಿ ಇನ್‌ಫರ್ಮೇಶನ್ ನೆಟ್‌ವರ್ಕ್’ ಕಟ್ಟಿದರು. ಇಂಟರ್ನೆಟ್ ಇನ್ನೂ ಮನೆಮನೆಗೆ ಬಾರದ ಕಾಲದಲ್ಲೇ, ಹಳ್ಳಿಯೊಂದರ ಒಂಟಿ ವೈದ್ಯ ತನ್ನ ಕಷ್ಟದ ಕೇಸನ್ನು ತಜ್ಞರ ಮುಂದಿಡಲು ಅದು ದಾರಿ ಮಾಡಿತು. ಅಲ್ಲಿ ಕಲಿಕೆ ಶುರುವಾಗುವುದು ವೈದ್ಯರ ಮೇಜಿನ ಮೇಲಿರುವ ಪ್ರಾಣಿಯಿಂದ. ಈ ಮೂಲಗುಣವನ್ನು ಆಮೇಲೆ ಬಂದ ಎಷ್ಟೋ ಕಾರ್ಯಕ್ರಮಗಳು ಕಳೆದುಕೊಂಡವು.

ಹಾಗೆ ಕಳೆದುಹೋಗಲು ಗಂಟೆಗಳ ಲೆಕ್ಕ ಒಂದು ಕಾರಣ. ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ತನ್ನ ವೈದ್ಯರಿಗೆ ವರ್ಷಕ್ಕೆ 35 ಗಂಟೆಯ ಕಲಿಕೆಯನ್ನು ಕಡ್ಡಾಯ ಮಾಡಿದೆ. ಕಡ್ಡಾಯ ಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಗಂಟೆಯೇ ಗುರಿಯಾದಾಗ ಸಂಜೆ ಏಳಕ್ಕೆ ವೆಬಿನಾರ್ ಹಚ್ಚಿಟ್ಟು ಹೊಲಿಗೆ ಬಿಚ್ಚುತ್ತ ಕೂತವರೂ ಕಲಿತವರ ಪಟ್ಟಿಗೆ ಸೇರುತ್ತಾರೆ. ಮನುಷ್ಯರ ವೈದ್ಯರ ಬಗ್ಗೆ 1999ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದ ಡೇವ್ ಡೇವಿಸ್ ಮತ್ತು ಸಂಗಡಿಗರ ಪರಾಮರ್ಶೆ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಬರೀ ಉಪನ್ಯಾಸ ಕೇಳಿದ್ದರಿಂದ ವೈದ್ಯರು ಚಿಕಿತ್ಸೆ ಮಾಡುವ ರೀತಿ ಬದಲಾದದ್ದು ಕಾಣಲಿಲ್ಲ, ಕಲಿಯುವವರು ತಾವೇ ತೊಡಗಿಕೊಂಡ, ಅಭ್ಯಾಸ ಮಾಡಿದ ಕಾರ್ಯಕ್ರಮಗಳಿಂದ ಬದಲಾವಣೆ ಸಾಧ್ಯವಾಯಿತು. ರಾಯಲ್ ಕಾಲೇಜ್ 2022ರಿಂದ, ಕಲಿತದ್ದು ತಮ್ಮ ಕೆಲಸದಲ್ಲಿ ಏನನ್ನು ಬದಲಿಸಿತು ಎಂದು ವೈದ್ಯರು ಯೋಚಿಸಿ ದಾಖಲಿಸಬೇಕು ಎಂಬ ನಿಯಮ ಸೇರಿಸಿದ್ದು ಸರಿಯಾದ ಹೆಜ್ಜೆ. ನಾಲ್ಕು ಸಾಲು ಬರೆಯಬೇಕಾದಾಗ, ಬರೆಯಲು ಏನೂ ಇಲ್ಲ ಎಂಬುದಾದರೂ ಗೊತ್ತಾಗುತ್ತದೆ.

ನಮ್ಮಲ್ಲಿ ವೆಬಿನಾರುಗಳ ಮಹಾಪೂರ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಕಾಲೇಜುಗಳು, ಔಷಧ ಕಂಪನಿಗಳು, ನಾಯಿ ಆಹಾರದ ಕಂಪನಿಗಳು ಎಲ್ಲರೂ ಏರ್ಪಡಿಸಿದರು. ಹಾಸನದಲ್ಲೋ ಯಾದಗಿರಿಯಲ್ಲೋ ಕೂತ ವೈದ್ಯರು ಒಂದು ರೂಪಾಯಿ ಖರ್ಚಿಲ್ಲದೆ ದೊಡ್ಡ ತಜ್ಞರ ಮಾತು ಕೇಳುವಂತಾದದ್ದು ಸಣ್ಣ ಲಾಭವಲ್ಲ. ಆದರೆ ಪ್ರಾಯೋಜಕರು ಯಾರು ಎಂಬುದರ ಮೇಲೆ ವಿಷಯದ ಆಯ್ಕೆ ವಾಲುತ್ತದೆ. ವಿಶ್ವ ಸಣ್ಣ ಪ್ರಾಣಿ ಪಶುವೈದ್ಯರ ಸಂಘ 2024ರಲ್ಲಿ ಪರಿಷ್ಕರಿಸಿದ ಲಸಿಕೆ ಮಾರ್ಗಸೂಚಿಯನ್ನೇ ನೋಡಿ. ನಾಯಿಮರಿಗೆ ಕೊನೆಯ ಪ್ರಾಥಮಿಕ ಡೋಸ್ 16 ವಾರಕ್ಕೆ ಅಥವಾ ಅದರ ನಂತರ ಬೀಳಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ಮರಿಗಳಲ್ಲಿ ಅಷ್ಟು ಹೊತ್ತಿಗೂ ಲಸಿಕೆಯನ್ನು ತಡೆಯುವುದರಿಂದ, ಮುಂದಿನ ಡೋಸಿಗೆ ವರ್ಷ ಕಾಯದೆ 26ನೇ ವಾರದ ಹೊತ್ತಿಗೇ ಕೊಡುವುದು ಮೇಲು. ಹೀಗೆ ಸರಿಯಾಗಿ ಲಸಿಕೆಯಾದ ವಯಸ್ಕ ನಾಯಿಗೆ ಡಿಸ್ಟೆಂಪರ್, ಪಾರ್ವೊ, ಅಡಿನೊ ವೈರಸ್‌ಗಳ ಲಸಿಕೆ ಮೂರು ವರ್ಷಕ್ಕಿಂತ ಬೇಗ ಮತ್ತೆ ಬೇಡ. ಲೆಪ್ಟೊಸ್ಪೈರೋಸಿಸ್ ಲಸಿಕೆ ಮಾತ್ರ ವರ್ಷವರ್ಷ ಬೇಕು. ಈ ದಾಖಲೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಕಡಿಮೆ ಲಸಿಕೆ ಮಾರುವ ಪಾಠಕ್ಕೆ ಹಣ ಹಾಕುವ ಲಸಿಕೆ ಕಂಪನಿ ವಿರಳ. ಹಾಗಾಗಿ ಅದನ್ನು ವೈದ್ಯರೇ ಹುಡುಕಿ ಓದಿಕೊಳ್ಳಬೇಕು.

ಹಣಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಊರಿನ ಪ್ರಶ್ನೆ. ಅಮೆರಿಕ, ಯುರೋಪಿನ ನರರೋಗದ ಉಪನ್ಯಾಸಗಳಲ್ಲಿ ತೂರಾಡುವ, ಜೊಲ್ಲು ಸುರಿಸುವ, ನುಂಗಲಾರದ ನಾಯಿಯ ಚಿತ್ರ ಬಂದಾಗ ಎಂಆರ್‌ಐ ಮಾತು ಬರುತ್ತದೆ, ಬೆನ್ನುಹುರಿ ದ್ರವದ ಮಾತು ಬರುತ್ತದೆ. ರೇಬಿಸ್ ಪಟ್ಟಿಯ ಕೊನೆಯಲ್ಲಿ ಒಂದು ಸಾಲಾಗಿ ಇರುತ್ತದೆ. ಅಲ್ಲಿಗೆ ಅದು ಸರಿಯೇ. ಕರ್ನಾಟಕದ ಯಾವ ಊರಿನಲ್ಲಾದರೂ ಆ ನಾಯಿ ಮೇಜಿನ ಮೇಲೆ ಬಂದರೆ ಮೊದಲು ನೆನಪಾಗಬೇಕಾದದ್ದು ರೇಬಿಸ್. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಬರಿಗೈ ಹಾಕುವ ಮೊದಲು, ಮನೆಯಲ್ಲಿ ಯಾರಿಗಾದರೂ ಕಚ್ಚಿದೆಯೇ, ಜೊಲ್ಲು ತಾಗಿದೆಯೇ ಎಂದು ಕೇಳಬೇಕು. ಡಿಸ್ಟೆಂಪರ್ ಕೂಡ ಅದೇ ಲಕ್ಷಣ ತೋರಿಸಿ ದಾರಿ ತಪ್ಪಿಸುತ್ತದೆ. ಆಮದು ಪಾಠವನ್ನು ಹಾಗೆಯೇ ಉರು ಹೊಡೆದ ಯುವ ವೈದ್ಯರಿಗೆ ಇಲ್ಲಿ ಅಪಾಯವಿರುವುದು ತಮ್ಮ ಜೀವಕ್ಕೇ.

ಉಣ್ಣೆ ಜ್ವರದ ವಿಷಯವೂ ಹೀಗೆಯೇ. ಅಮೆರಿಕದ ಕ್ಲಿನಿಕ್ಕುಗಳಲ್ಲಿ ಬಳಕೆಯಲ್ಲಿರುವ ಕಿಟ್ ಒಂದು ಹೃದಯದ ಹುಳು, ಲೈಮ್, ಅರ್ಲಿಕಿಯ, ಅನಪ್ಲಾಸ್ಮಾ ಈ ನಾಲ್ಕನ್ನು ಹುಡುಕುತ್ತದೆ. ಅಲ್ಲಿನ ಕೋರ್ಸುಗಳಲ್ಲಿ ಅದರ ಫಲಿತಾಂಶ ಓದುವುದನ್ನು ವಿಸ್ತಾರವಾಗಿ ಕಲಿಸುತ್ತಾರೆ. ನಮ್ಮ ನಾಯಿಗಳ ರಕ್ತ ಕುಡಿಯುವ ಕಂದು ಉಣ್ಣೆ ಹರಡುವ ಬಬೇಸಿಯ, ಹೆಪಟೋಜೂನ್‌ಗಳು ಆ ಕಿಟ್‌ನಲ್ಲಿ ಇಲ್ಲವೇ ಇಲ್ಲ. ಒಸಡು ಬಿಳಿಚಿ, ಪ್ಲೇಟ್‌ಲೆಟ್ ಇಳಿದು ಬಂದ ನಾಯಿಯ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಸ್ಮಿಯರ್ ಮಾಡಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಹುಡುಕುವ ಕಣ್ಣು ಬೇಕು. ಸಿಕ್ಕಿದ್ದು ದೊಡ್ಡ ಬಬೇಸಿಯವೋ, ಚಿಕ್ಕ ಬಬೇಸಿಯ ಗಿಬ್ಸನಿಯೋ ಎಂಬುದರ ಮೇಲೆ ಔಷಧವೇ ಬದಲಾಗುತ್ತದೆ; ಮೊದಲನೆಯದಕ್ಕೆ ಕೆಲಸ ಮಾಡುವ ಡಿಮಿನಜಿನ್ ಎರಡನೆಯದರಲ್ಲಿ ಹಲವು ಸಲ ಸೋಲುತ್ತದೆ. ಬೀದಿನಾಯಿಗಳಲ್ಲಿ ನಮ್ಮವರು ಆಗಾಗ ಕಾಣುವ, ಕೂಡುವಾಗ ಹರಡುವ ಜನನಾಂಗದ ಗೆಡ್ಡೆಯದೂ ಇದೇ ಕಥೆ. ವಾರಕ್ಕೊಂದು ವಿಂಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ವಾಸಿಯಾಗುವ ಈ ಕ್ಯಾನ್ಸರ್ ಬಗ್ಗೆ, ಅದು ಅಪರೂಪವಾಗಿರುವ ದೇಶಗಳ ಕ್ಯಾನ್ಸರ್ ಕೋರ್ಸುಗಳು ಒಂದೆರಡು ಸ್ಲೈಡಿನಲ್ಲಿ ಮುಗಿಸುತ್ತವೆ.

ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ನಮಗೆ ಒಗ್ಗದು ಎಂದರೆ ಅನ್ಯಾಯವಾದೀತು. ಅದೇ ವಿಶ್ವ ಸಂಘದ 2014ರ ನೋವು ನಿವಾರಣೆಯ ಮಾರ್ಗಸೂಚಿಯನ್ನು ನಾನು ಈ ಕ್ಷೇತ್ರದ ಅತ್ಯಂತ ಮಾನವೀಯ ದಾಖಲೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಮಾರ್ಫಿನ್ ಜಾತಿಯ ಮದ್ದುಗಳು ಎಲ್ಲೆಡೆ ಸಿಗುವುದಿಲ್ಲ ಎಂದು ಬಲ್ಲವರು ಅದನ್ನು ಬರೆದಿದ್ದಾರೆ. ಶಸ್ತ್ರಚಿಕಿತ್ಸೆಗೆ ಎಲ್ಲ ಔಷಧಗಳಿದ್ದಾಗ ಒಂದು ದಾರಿ, ನಿಯಂತ್ರಿತ ಔಷಧಗಳು ಸಿಗದಿದ್ದರೆ ಇನ್ನೊಂದು, ಕೈಯಲ್ಲಿ ಕೆಲವೇ ಮದ್ದುಗಳಿದ್ದರೆ ಮತ್ತೊಂದು ಎಂದು ಬಿಡಿಸಿ ಹೇಳಿದ್ದಾರೆ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಲ್ಲಿ ಕೆಲಸ ಮಾಡುವ ನಮ್ಮ ವೈದ್ಯರಿಗೆ ಇದು ನಿಜವಾದ ಗೌರವ. ಮುದಿ ಪಾಮೇರಿಯನ್‌ಗಳಂಥ ನಾಯಿಗಳ ಹೃದಯ ಕವಾಟದ ಕಾಯಿಲೆಗೆ ಅಮೆರಿಕದ ತಜ್ಞರು 2019ರಲ್ಲಿ ಹೊರತಂದ ಒಮ್ಮತದ ಹೇಳಿಕೆಯಲ್ಲೂ ಈ ಗುಣವಿದೆ. ಎಕೊ ಯಂತ್ರ ಇದ್ದರೆ ಹೀಗೆ ಅಳೆಯಿರಿ. ಇಲ್ಲದಿದ್ದರೆ ಎಕ್ಸ್‌ರೇಯಲ್ಲಿ ಹೃದಯವನ್ನು ಬೆನ್ನುಮೂಳೆಗಳ ಲೆಕ್ಕದಲ್ಲಿ ಅಳೆದು, ಅದು 11.5 ಅಥವಾ ಹೆಚ್ಚಿದ್ದರೆ ಪಿಮೊಬೆಂಡಾನ್ ಎಂಬ ಮದ್ದು ಶುರುಮಾಡುವ ನಿರ್ಧಾರಕ್ಕೆ ಬರಬಹುದು ಎನ್ನುತ್ತದೆ. ಶಿರಸಿಯಲ್ಲಿ ಎಕ್ಸ್‌ರೇ ಮಾತ್ರ ಇರುವ ವೈದ್ಯರು ಈ ಪಾಠ ಓದಿ ಎದ್ದು ಹೋಗಿ ಚಿಕಿತ್ಸೆ ಮಾಡಬಹುದು. ಯಂತ್ರವಿಲ್ಲದ ವೈದ್ಯರನ್ನು ಅರ್ಧ ದಾರಿಯಲ್ಲಿ ಕೈಬಿಡುವ ಕೋರ್ಸಿಗೂ ಇದಕ್ಕೂ ಅಜಗಜಾಂತರ.

ಶಸ್ತ್ರಚಿಕಿತ್ಸೆಯ ಕೋರ್ಸುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಡಿಯೊ ನೋಡಿ ಗಂಟು ಹಾಕುವುದು ಅರ್ಥವಾಗುತ್ತದೆ, ಕೈಗೆ ಬರುವುದಿಲ್ಲ. ನೀಲಗಿರಿಯ ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ನಡೆಸುವ ಕೇಂದ್ರದಲ್ಲಿ ವೈದ್ಯರು ಹಿರಿಯರ ಕಣ್ಣೆದುರು ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಕಲಿಯುತ್ತಾರೆ. ಆನ್‌ಲೈನ್ ಪಾಠ ಅಂಥ ಕಡೆಗೆ ಕೈತೋರಿಸುವುದಾದರೆ ಸಾರ್ಥಕ.

ನಮ್ಮಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಅದರ ಕೆಳಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಕಾಲೇಜುಗಳಿವೆ. ಹೆಬ್ಬಾಳದ ರೇಬಿಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದದ್ದು. ಐದೂವರೆ ವರ್ಷದ ಪದವಿಯಲ್ಲಿ ಹಸು, ಎಮ್ಮೆ, ಕುರಿ, ಕೋಳಿ, ನಾಯಿ ಎಲ್ಲವನ್ನೂ ಓದಿ ತಾಲ್ಲೂಕು ಆಸ್ಪತ್ರೆಗೆ ಹೋದವರ ಮುಂದೆ ಈಗ ಲ್ಯಾಬ್ರಡಾರು, ಪರ್ಷಿಯನ್ ಬೆಕ್ಕುಗಳ ಸಾಲು ಹೆಚ್ಚುತ್ತಿದೆ. ಅವರಿಗೆ ಬೇಕಾದ ಕೋರ್ಸ್ ದೊಡ್ಡದೇನಲ್ಲ. ತೂರಾಡುವ ನಾಯಿ, ಬಿಳಿಚಿದ ಒಸಡಿನ ನಾಯಿ, ರಕ್ತಭೇದಿಯ ಮರಿ, ಮೂತ್ರ ಕಟ್ಟಿದ ಗಂಡುಬೆಕ್ಕು: ಇಂಥ ಹತ್ತು ಹನ್ನೆರಡು ಕೇಸುಗಳು. ಪ್ರತಿ ಕೇಸಿನಲ್ಲೂ ಮುಂದೇನು ಮಾಡುತ್ತೀರಿ ಎಂದು ನಿಲ್ಲಿಸಿ ಕೇಳಬೇಕು, ಉತ್ತರಿಸದೆ ಮುಂದೆ ಹೋಗಗೊಡಬಾರದು. ಕೊನೆಗೆ ಹತ್ತಿರದ ಕಾಲೇಜಿನಲ್ಲಿ ಒಂದು ದಿನ ಸೂಕ್ಷ್ಮದರ್ಶಕದ ಮುಂದೆ, ಒಂದು ದಿನ ಅರಿವಳಿಕೆ ಯಂತ್ರದ ಮುಂದೆ. ಆ ಎರಡು ದಿನಕ್ಕೆ ಇಲಾಖೆ ರಜೆಯ ಬದಲು ಕರ್ತವ್ಯದ ಹಾಜರಿ ಕೊಡಬೇಕು, ಆಸ್ಪತ್ರೆಗೆ ಬದಲಿ ವೈದ್ಯರನ್ನು ಕಳಿಸಬೇಕು.