ನೆರಿಗೆಯೊಳಗೆ ನೀರು

ಕಳ್ಳಿಗಳಲ್ಲೆಲ್ಲ ನನಗೆ ಅಚ್ಚುಮೆಚ್ಚು ಸೊನೋರಾ ಮರುಭೂಮಿಯ ಪೀಪಾಯಿ ಕಳ್ಳಿ, ಫೆರೊಕ್ಯಾಕ್ಟಸ್ ವಿಸ್ಲಿಜೆನಿ. ಅರಿಜೋನಾದಲ್ಲೂ ಉತ್ತರ ಮೆಕ್ಸಿಕೊದಲ್ಲೂ ಅದು ಕಲ್ಲುನೆಲದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೈಯ ನೆರಿಗೆಗಳು ಮಳೆ ಬಿದ್ದಾಗ ಹಾರ್ಮೋನಿಯಂ ತಿದಿಯಂತೆ ಬಿಚ್ಚಿಕೊಂಡು ನೀರು ತುಂಬಿಕೊಳ್ಳುತ್ತವೆ. ಬರ ಬಂದರೆ ಮಡಚಿಕೊಳ್ಳುತ್ತವೆ. ಉಸಿರಾಟದ ರಂಧ್ರಗಳನ್ನು ಅದು ತೆರೆಯುವುದು ರಾತ್ರಿಯ ತಂಪಿನಲ್ಲಿ, ಹನಿ ನೀರೂ ವ್ಯರ್ಥವಾಗದ ಹಾಗೆ. ಎಂಥ ಜಾಣತನ! ವಯಸ್ಸಾದಂತೆ ದಕ್ಷಿಣಕ್ಕೆ ವಾಲುತ್ತದೆ. ಬೇಸಿಗೆಯ ಕೊನೆಗೆ ನೆತ್ತಿಯ ಮೇಲೆ ಕಿತ್ತಳೆ, ಹಳದಿ ಹೂಗಳ ಸುತ್ತು. ಮುಳ್ಳುಗಳ ಬುಡದಲ್ಲಿ ಒಸರುವ ಮಕರಂದಕ್ಕೆ ಇರುವೆಗಳು ಬರುತ್ತವೆ, ಗಿಡ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಹಳದಿ ಹಣ್ಣಿಗೆ ಮಾತ್ರ ಮುಳ್ಳೇ ಇಲ್ಲ.

ಸಾಕುವುದು ಕಷ್ಟವಲ್ಲ, ತಾಳ್ಮೆ ಬೇಕು. ತೂತಿರುವ ಮಣ್ಣಿನ ಕುಂಡ, ದಪ್ಪ ಮರಳು, ಸಣ್ಣ ಜಲ್ಲಿ ಬೆರೆತ ಮಣ್ಣು, ಧಾರಾಳ ಬಿಸಿಲು. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಚಳಿಗಾಲದಲ್ಲಿ ಬಹುತೇಕ ಬೇಡ, ಬೇರು ಕೊಳೆತರೆ ಗಿಡ ಉಳಿಯುವುದು ಕಷ್ಟ. ನೆರಳಲ್ಲಿ ಬೆಳೆದ ಗಿಡವನ್ನು ಬಿಸಿಲಿಗೆ ನಿಧಾನವಾಗಿ ಒಗ್ಗಿಸಿ, ಇಲ್ಲದಿದ್ದರೆ ಸಿಪ್ಪೆ ಸುಡುತ್ತದೆ. ಜಾಗ ಬದಲಿಸುವಾಗ ದಕ್ಷಿಣದ ಮಗ್ಗುಲಿಗೆ ಗುರುತು ಹಾಕಿ, ಹೊಸ ಜಾಗದಲ್ಲೂ ಅದನ್ನು ದಕ್ಷಿಣಕ್ಕೇ ತಿರುಗಿಸಿ ನೆಡಬೇಕು. ಕೊಳ್ಳುವಾಗ ಬೀಜದಿಂದ ಬೆಳೆಸಿದ್ದನ್ನೇ ಕೇಳಿ. ಮರುಭೂಮಿಯಿಂದ ಕಿತ್ತು ತಂದದ್ದು ಬೇಡ.