ತೆರೆದ ಹೆಡ್‌ಫೋನಿನ ಬಾಸ್: ಆಂಪ್ಲಿಫಯರಿನ ಪಾಲೆಷ್ಟು?

ದುಬಾರಿ ಹೆಡ್‌ಫೋನುಗಳ ವಿಮರ್ಶೆಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ‘ಆಂಪ್ಲಿಫಯರ್ ಬದಲಿಸಿದೆ, ಬಾಸ್ ತುಂಬಿಕೊಂಡು ಬಂತು.’ ಇದನ್ನು ನಂಬಿ ಹೆಡ್‌ಫೋನಿಗಿಂತ ಹೆಚ್ಚು ಬೆಲೆಯ ಆಂಪ್ಲಿಫಯರ್ ಕೊಳ್ಳುವವರೂ ಇದ್ದಾರೆ. ಈ ಮಾತಿನಲ್ಲಿ ಭೌತವಿಜ್ಞಾನ ಎಷ್ಟಿದೆ ಎಂದು ಪರಿಶೀಲಿಸೋಣ. ಜರ್ಮನಿಯ ಸೆನ್‌ಹೈಸರ್ ಹೆಸರಿನಲ್ಲಿ 2003ರಲ್ಲಿ ಬಂದ ಎಚ್‌ಡಿ 650 ಇದಕ್ಕೆ ತಕ್ಕ ಉದಾಹರಣೆ.

ತೆರೆದ ಹೆಡ್‌ಫೋನಿನಲ್ಲಿ ಕಂಪಿಸುವ ಪೊರೆಯ ಹಿಂಬದಿಗೆ ಮುಚ್ಚಳವಿಲ್ಲ, ಜಾಲರಿ ಮಾತ್ರ. ಪೊರೆ ಮುಂದಿನ ಗಾಳಿಯನ್ನು ಒತ್ತಿದಾಗ ಹಿಂದಿನ ಗಾಳಿ ವಿರಳವಾಗುತ್ತದೆ. ಆವೃತ್ತಿ ಕಡಿಮೆಯಾದಷ್ಟೂ ಈ ಎರಡು ಅಲೆಗಳು ಸಂದುಗಳ ಮೂಲಕ ಸೇರಿ ಒಂದನ್ನೊಂದು ಅಳಿಸುತ್ತವೆ. ಆದ್ದರಿಂದಲೇ ಎಚ್‌ಡಿ 650ರ ಆಳವಾದ ಬಾಸ್ ಕ್ಷೀಣ. ಇದು ರಚನೆಯ ಗುಣ. ಮೂಲ ಸಂಕೇತವನ್ನು ಇದ್ದಂತೆಯೇ ವರ್ಧಿಸುವ ಯಾವ ಆಂಪ್ಲಿಫಯರೂ ಇದನ್ನು ಸರಿಪಡಿಸಲಾರದು.

ಹಾಗಾದರೆ ಆಂಪ್ಲಿಫಯರಿನ ಪ್ರಭಾವ ಬರೀ ಭ್ರಮೆಯೇ? ಹಾಗೂ ಅಲ್ಲ. ಈ ಹೆಡ್‌ಫೋನಿನ ಪ್ರತಿಬಾಧೆ 300 ಓಮ್ ಎಂದು ನಮೂದಾಗಿದ್ದರೂ, ಪೊರೆಯ ಅನುರಣನದಿಂದಾಗಿ 80–100 ಹರ್ಟ್ಸ್ ಸುಮಾರಿನಲ್ಲಿ ಅದು 500 ಓಮ್‌ನಷ್ಟಾಗುತ್ತದೆ. ಆಂಪ್ಲಿಫಯರಿಗೂ ತನ್ನದೇ ಆದ ಹೊರಮುಖ ಪ್ರತಿಬಾಧೆ ಇರುತ್ತದೆ. ಇವೆರಡೂ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಹೊರಮುಖ ಪ್ರತಿಬಾಧೆ 1 ಓಮ್ ಆದರೆ ಅನುರಣನದ ಬಳಿ ಬರುವ ಏರಿಕೆ ಸುಮಾರು 0.01 ಡೆಸಿಬೆಲ್ ಮಾತ್ರ. 120 ಓಮ್ ಆದರೆ ಸುಮಾರು 1 ಡೆಸಿಬೆಲ್. ಕೆಲವು ವಾಲ್ವ್ ಆಂಪ್ಲಿಫಯರುಗಳಲ್ಲಿ ಬಾಸ್ ‘ಬೆಚ್ಚಗೆ’ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಆದರೆ ಗಮನಿಸಿ: ಉಬ್ಬಿದ್ದು 90 ಹರ್ಟ್ಸ್ ಆಸುಪಾಸಿನ ಮೇಲಣ ಬಾಸ್, 30 ಹರ್ಟ್ಸಿನ ಆಳ ಇದ್ದಲ್ಲೇ ಇದೆ. ಪ್ಲೇನಾರ್ ಹೆಡ್‌ಫೋನುಗಳ ಪ್ರತಿಬಾಧೆ ಎಲ್ಲ ಆವೃತ್ತಿಗಳಲ್ಲೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಅವುಗಳಲ್ಲಿ ಈ ಉಬ್ಬೂ ಕಾಣದು.

‘ಹೆಚ್ಚು ಶಕ್ತಿ, ಹೆಚ್ಚು ಬಾಸ್’ ಎಂಬ ವಾದವನ್ನೂ ಲೆಕ್ಕ ಹಾಕಿ ನೋಡಿ. ಎಚ್‌ಡಿ 650 ಕೇವಲ 1 ವೋಲ್ಟ್‌ಗೆ 103 ಡೆಸಿಬೆಲ್ ಶಬ್ದ ಕೊಡುತ್ತದೆ. ಇದಕ್ಕೆ ಬೇಕಾದ ಶಕ್ತಿ 3.3 ಮಿಲಿವಾಟ್. ಇನ್ನೂ 10 ಡೆಸಿಬೆಲ್ ಏರಿಸಲು 33 ಮಿಲಿವಾಟ್ ಸಾಕು. ಹಲವು ವಾಟ್‌ಗಳ ಆಂಪ್ಲಿಫಯರ್ ಇಲ್ಲಿ ನಿಷ್ಪ್ರಯೋಜಕ.

ಆದರೂ ಕೇಳುಗರಿಗೆ ವ್ಯತ್ಯಾಸ ಗೊತ್ತಾಗುತ್ತದಲ್ಲ? ಅದರ ಬಹುಪಾಲು ಗುಟ್ಟು ನಮ್ಮ ಕಿವಿಯಲ್ಲೇ ಇದೆ. ಶಬ್ದದ ಮಟ್ಟ ಏರಿದಾಗ ಕಡಿಮೆ ಆವೃತ್ತಿಯ ಧ್ವನಿಗಳು ಉಳಿದವುಗಳಿಗಿಂತ ಬೇಗ ಜೋರಾಗಿ ಕೇಳಿಸತೊಡಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದರು. ಎರಡನೆಯ ಆಂಪ್ಲಿಫಯರ್ ಒಂದೆರಡು ಡೆಸಿಬೆಲ್ ಜೋರಾಗಿದ್ದರೂ ಸಾಕು, ಅದರ ಬಾಸ್ ಉತ್ತಮವೆನಿಸುತ್ತದೆ. ಮಟ್ಟ ಸರಿದೂಗಿಸದೆ ಮಾಡಿದ ಹೋಲಿಕೆಗೆ ಆದ್ದರಿಂದ ಬೆಲೆಯಿಲ್ಲ.

ಇನ್ನು ಹಿತದ ವಿಷಯ. ಅದು ಬಾಸ್‌ನಿಂದ ಬೇರೆಯಲ್ಲ. ಎಚ್‌ಡಿ 650ರ ತೂಕ 260 ಗ್ರಾಂ. ಹೊಸದರಲ್ಲಿ ಹಿಡಿತ ತುಸು ಬಿಗಿ, ಕ್ರಮೇಣ ಸಡಿಲಾಗುತ್ತದೆ. ಮಖಮಲ್ಲಿನ ಮೆತ್ತೆ ಚರ್ಮದಂತೆ ಬೆವರಿಸುವುದಿಲ್ಲ. ಕೆಲವು ಪ್ಲೇನಾರ್ ಮಾದರಿಗಳು ಅರ್ಧ ಕಿಲೋ ತೂಗುತ್ತವೆ. ಒಂದು ಗಂಟೆಯಲ್ಲಿ ಕತ್ತು ದೂರು ಹೇಳುತ್ತದೆ. ಅವುಗಳ ಆಳವಾದ ಬಾಸ್ ಮೆತ್ತೆ ಕೆನ್ನೆಗೆ ಗಾಳಿಯಾಡದಂತೆ ಕೂರುವುದನ್ನು ಅವಲಂಬಿಸಿದೆ. ಕನ್ನಡಕದ ಕಡ್ಡಿ ಬಿಡಿಸಿದ ಸಣ್ಣ ಸಂದಿನಿಂದಲೇ ಬಾಸ್ ಸೋರಿಹೋಗಬಹುದು. ವರ್ಷಗಟ್ಟಲೆ ಬಳಸಿ ಚಪ್ಪಟೆಯಾದ ಮೆತ್ತೆ ಕಿವಿಗೂ ಪೊರೆಗೂ ಇರುವ ಅಂತರವನ್ನು ಬದಲಿಸಿ ಧ್ವನಿಯನ್ನೇ ಬದಲಿಸುತ್ತದೆ.

ಆಂಪ್ಲಿಫಯರಿಗೆ ಹಣ ಕೊಡುವ ಮುನ್ನ ನೀವೇ ಒಂದು ಪರೀಕ್ಷೆ ಮಾಡಿ. ಹೆಡ್‌ಫೋನ್ ಜೋಡಿಸಿ, 400 ಹರ್ಟ್ಸಿನ ನಾದ ನುಡಿಸಿ, ಎರಡೂ ಆಂಪ್ಲಿಫಯರುಗಳ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಶೇಕಡ 1ರೊಳಗೆ ಸರಿದೂಗಿಸಿ. ಯಾವುದು ನುಡಿಯುತ್ತಿದೆ ಎಂದು ಹೇಳದೆ ಬದಲಿಸುವಂತೆ ಸ್ನೇಹಿತರೊಬ್ಬರನ್ನು ಕೇಳಿಕೊಳ್ಳಿ. ಹತ್ತಿಪ್ಪತ್ತು ಸಲದಲ್ಲಿ ಸರಿಯಾಗಿ ಗುರುತಿಸಲಾಗದಿದ್ದರೆ ಹಣ ಉಳಿಯಿತು.

ಬಾಸ್ ಸಾಲದೆನಿಸಿದರೆ ಮೊದಲು ಮೆತ್ತೆ ಬದಲಿಸಿ, ನಂತರ ಈಕ್ವಲೈಸರ್ ಬಳಸಿ. ಮಟ್ಟ ಮಾತ್ರ ಏರಿಸುತ್ತ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ವಾರಕ್ಕೆ 40 ಗಂಟೆ ಸುರಕ್ಷಿತ. 90 ಡೆಸಿಬೆಲ್ ಆದರೆ ಕೇವಲ 4 ಗಂಟೆ. ಮೆತ್ತೆಯನ್ನು ಬದಲಿಸಬಹುದು, ಒಳಕಿವಿಯ ರೋಮಕೋಶಗಳನ್ನಲ್ಲ.