ರಾನಡೆಯವರ ಪಕ್ಷ ವಹಿಸಿ

ಮಹಾದೇವ ಗೋವಿಂದ ರಾನಡೆಯವರು ದೊಡ್ಡ ದೇಶಭಕ್ತರು, ಆದರೆ ಸಿದ್ಧಾಂತಿಯಲ್ಲ. ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ ಹೇಳಿದ್ದನ್ನೇ ಭಾರತಕ್ಕೆ ಹೊಂದಿಸಿ ಹೇಳಿದವರು. ಈ ತೀರ್ಪು ನಮ್ಮ ಅರ್ಥಶಾಸ್ತ್ರ ವಿಭಾಗಗಳಲ್ಲಿ ಬೇರುಬಿಟ್ಟು ಎಷ್ಟೋ ಕಾಲವಾಯಿತು. ಹಾಗಾಗಿಯೇ ರಾನಡೆಯವರು ಭಾರತೀಯ ಆರ್ಥಿಕ ಚಿಂತನೆಯ ಪೇಪರಿನಲ್ಲಿ ನವರೋಜಿ, ರಮೇಶಚಂದ್ರ ದತ್ತರ ಜೊತೆ ಒಂದು ಟಿಪ್ಪಣಿಯಾಗಿ ಬಂದುಹೋಗುತ್ತಾರೆ. ಅಂತರರಾಷ್ಟ್ರೀಯ ವ್ಯಾಪಾರದ ಪೇಪರಿನ ಹೊಸ್ತಿಲನ್ನು ಅವರು ತುಳಿಯುವಂತಿಲ್ಲ. ಅಲ್ಲಿ ರಿಕಾರ್ಡೊ, ಹೆಕ್ಷರ್, ಓಲಿನ್, ಸ್ಯಾಮ್ಯುಯೆಲ್ಸನ್, ಕ್ರುಗ್‌ಮನ್ ಇವರದೇ ಆಳ್ವಿಕೆ. ಬೇರೆಲ್ಲಿಯಾದರೂ ಹೀಗೆ ಕಲಿಸಿಕೊಳ್ಳಲಿ. ಹತ್ತಿ ಬೆಳೆದ ಧಾರವಾಡ ಸೀಮೆಯಲ್ಲಿ, ಕಲಘಟಗಿ, ಕುಂದಗೋಳ, ನವಲಗುಂದದ ಮಕ್ಕಳಿಗೆ ಹೀಗೆ ಕಲಿಸುವುದನ್ನು ನಾನು ಸಹಿಸಲಾರೆ.

ರಿಕಾರ್ಡೊನ 1817ರ ಲೆಕ್ಕ ಎಲ್ಲರಿಗೂ ಬಾಯಿಪಾಠ. ಪೋರ್ಚುಗಲ್ಲಿಗೆ ವೈನ್ ಮಾಡಲು 80 ಆಳುಗಳ ವರ್ಷದ ದುಡಿಮೆ, ಬಟ್ಟೆಗೆ 90. ಇಂಗ್ಲೆಂಡಿಗೆ ಬಟ್ಟೆಗೆ 100, ವೈನಿಗೆ 120. ಪೋರ್ಚುಗಲ್ ಎರಡರಲ್ಲೂ ಮುಂದಿದ್ದರೂ ವೈನಿಗೆ ನಿಂತರೆ ಇಬ್ಬರಿಗೂ ಲಾಭ. ಸಮಾಜವಿಜ್ಞಾನದಲ್ಲಿ ಸತ್ಯವೂ ಆಗಿ, ಸುಲಭಕ್ಕೆ ಹೊಳೆಯದ್ದೂ ಆದ ಒಂದೇ ಒಂದು ಮಾತು ತೋರಿಸಿ ಎಂದು ಗಣಿತಜ್ಞ ಉಲಾಮ್ ಸವಾಲು ಹಾಕಿದಾಗ ಸ್ಯಾಮ್ಯುಯೆಲ್ಸನ್ ಕೊಟ್ಟ ಉತ್ತರ ಇದೇ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ನನ್ನ ತಕರಾರು ಲೆಕ್ಕ ಶುರುವಾಗುವ ಮುಂಚಿನದು. ಅಂಕಿಗಳು ಉದಾಹರಣೆಗೆಂದು ಕಲ್ಪಿಸಿದವು ಎಂಬ ಸಮಜಾಯಿಷಿ ನನಗೂ ಗೊತ್ತು. ದೇಶಗಳ ಹೆಸರಂತೂ ಕಲ್ಪಿಸಿದ್ದಲ್ಲವಲ್ಲ. 1703ರ ಮೆಥುಯೆನ್ ಒಪ್ಪಂದದಂತೆ ಪೋರ್ಚುಗಲ್ ಇಂಗ್ಲಿಷ್ ಉಣ್ಣೆಬಟ್ಟೆಗೆ ಬಾಗಿಲು ತೆರೆಯಿತು. ಪ್ರತಿಯಾಗಿ ಅದರ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಪಾಲು ಕಡಿಮೆ ಸುಂಕ ಬಿತ್ತು. ಶತಮಾನ ಕಳೆದ ಮೇಲೆ ಬಂದ ರಿಕಾರ್ಡೊ ಈ ಚರಿತ್ರೆಯನ್ನು ಒರೆಸಿಹಾಕಿ, ಯಾರಿಗೆ ಯಾವುದು ಒಗ್ಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುವ ಸಂಗತಿ ಎಂಬಂತೆ ಬರೆದ.

ನಮ್ಮ ಕಡೆಗೇ ನೋಡಿ. ಎರೆಭೂಮಿ ಇದೆ, ಆದ್ದರಿಂದ ಹತ್ತಿ ಧಾರವಾಡದ ಸಹಜ ಬಲ ಎನ್ನುತ್ತಾರೆ. ಕುಮಟಾ ಹತ್ತಿಯೆಂದು ಹೆಸರಾದ ನಾಡತಳಿ ಇಲ್ಲಿ ಮೊದಲಿಂದಲೂ ಇತ್ತು, ನಿಜ. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾಗಿದ್ದದ್ದು ಅಮೆರಿಕದ ತಳಿ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು; ಮರ್ಸರ್ ಎಂಬಾತ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಹೂಡಿದ. ಕಲೆಕ್ಟರ್ ಶಾ ಈ ಬೆಳೆಯ ಬೆನ್ನು ಹತ್ತಿದ. ಅರಳಿ ಬಿಡಿಸುವ ಗರಗಸದ ಜಿನ್ನುಗಳಿಗಾಗಿ ಧಾರವಾಡದಲ್ಲಿ ಸರ್ಕಾರವೇ ಕಾರ್ಖಾನೆ ನಡೆಸಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ ಅಲ್ಲಿಯ ಹತ್ತಿ ನಿಂತಾಗ ಅವಸರ ಇನ್ನೂ ಹೆಚ್ಚಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಮೇಲೆ ಮ್ಯಾಂಚೆಸ್ಟರಿನವರ ಕಣ್ಣಿತ್ತು. 1863ರಲ್ಲಿ ಹತ್ತಿಯ ಕಲಬೆರಕೆ ತಡೆಯಲೆಂದೇ ಮುಂಬಯಿಯಲ್ಲಿ ಕಾನೂನಾಯಿತು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ದಾರಿ ಬಂದರಿನ ಕಡೆ ಹೊರಟ ಹತ್ತಿ ಚಕ್ಕಡಿಗಳ ದಾರಿಯಾಯಿತು.

ಬೀಜ, ಯಂತ್ರ, ರಸ್ತೆ, ಬಂದರು, ಕಾನೂನು, ಕೊನೆಗೆ ಜಿಲ್ಲೆ ಯಾವ ಪ್ರಾಂತಕ್ಕೆ ಸೇರಬೇಕು ಎಂಬುದೂ ಸರ್ಕಾರದ ಕೈಯಲ್ಲೇ ಆಯಿತು. ಹೀಗೆ ಕಟ್ಟಿದ್ದಕ್ಕೆ ಧಾರವಾಡದ ಸಹಜ ಬಲವೆಂದು ಹೆಸರು. 1865ರಲ್ಲಿ ಯುದ್ಧ ಮುಗಿದು ದರ ಕುಸಿದಾಗ ಕಟ್ಟಿದವರು ಯಾರೂ ರೈತನ ಜೊತೆ ನಿಲ್ಲಲಿಲ್ಲ. ಹನ್ನೆರಡು ವರ್ಷ ಕಳೆಯುವುದರೊಳಗೆ 1876–78ರ ಬರ ಬಂತು.

ರಾನಡೆಯವರು 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾರತೀಯ ಅರ್ಥಶಾಸ್ತ್ರದ ಬಗ್ಗೆ ಮಾತಾಡಿದಾಗ ಅವರ ಬೆನ್ನ ಹಿಂದೆ ಈ ಎಲ್ಲ ಅನುಭವ ಇತ್ತು. ಇಂಗ್ಲಿಷ್ ಅರ್ಥಶಾಸ್ತ್ರ ತನ್ನ ಊಹೆಗಳನ್ನು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ನಿಯಮಗಳೆಂದು ಸಾರುತ್ತದೆ. ಕಚ್ಚಾ ಮಾಲು ಬೆಳೆಯುವುದೇ ಉಷ್ಣದೇಶಗಳ ಹಣೆಬರಹವೆಂದು ಹೇಳುವುದು ಶಾಸ್ತ್ರವಲ್ಲ ಎಂಬುದು ಅವರ ವಾದದ ತಿರುಳು. ಸಹಜ ವ್ಯಾಪಾರದೊಳಗೆ ಸರ್ಕಾರವನ್ನು ಎಳೆತಂದರು ಎಂದು ಅವರನ್ನು ದೂರುವವರು ಕುಸುಗಲ್ಲಿನ ಹೊಲವನ್ನು ಮರೆತಿದ್ದಾರೆ. ಸರ್ಕಾರ ಆಗಲೇ ಒಳಗಿತ್ತು. ಹತ್ತಿ ಬೆಳೆಯಲು ಸಿಕ್ಕ ಆಸರೆ ನೂಲು ತೆಗೆಯಲು, ಬಟ್ಟೆ ನೇಯಲು ಯಾಕಿಲ್ಲ ಎಂಬುದಷ್ಟೇ ಪ್ರಶ್ನೆ. ಉತ್ತರ 1896ರಲ್ಲಿ ಸಿಕ್ಕಿತು: ಆಮದು ಬಟ್ಟೆಯ ಮೇಲೆ ಶೇ. 3.5 ಸುಂಕ ಹಾಕಿದ ಸರ್ಕಾರ, ಮ್ಯಾಂಚೆಸ್ಟರಿಗೆ ನೋವಾಗದಿರಲೆಂದು ಭಾರತದ ಗಿರಣಿ ಬಟ್ಟೆಯ ಮೇಲೂ ಅಷ್ಟೇ ಅಬಕಾರಿ ಹೇರಿತು.

ರಾನಡೆಯವರಲ್ಲಿ ಕೋಷ್ಟಕವಿಲ್ಲ, ಸಮೀಕರಣವಿಲ್ಲ. ಅದನ್ನೇ ನಾನು ಅವರ ಹಿರಿಮೆ ಎನ್ನುತ್ತೇನೆ. ಕೋಷ್ಟಕ ಹಾಕಿದ್ದರೆ ಅವರೂ ಯಾವುದನ್ನಾದರೂ ಕೊಟ್ಟದ್ದೆಂದು ಒಪ್ಪಿ ಶುರುಮಾಡಬೇಕಿತ್ತು. ಹೆಕ್ಷರ್–ಓಲಿನ್ ಅದನ್ನೇ ಮಾಡಿದರು: ಯಾವ ದೇಶದಲ್ಲಿ ಯಾವುದು ಹೇರಳ, ಅಲ್ಲಿಂದ ವ್ಯಾಪಾರ. 1953ರಲ್ಲಿ ಲಿಯೊಂಟಿಫ್ ಅಮೆರಿಕದ ಅಂಕಿಗಳನ್ನೇ ಹಿಡಿದು ಅದನ್ನು ಅಲುಗಾಡಿಸಿದ. 1979ರಲ್ಲಿ ಕ್ರುಗ್‌ಮನ್, ದೇಶಗಳ ನಡುವೆ ಯಾವ ಸಹಜ ಭೇದವಿಲ್ಲದಿದ್ದರೂ ಉತ್ಪಾದನೆಯ ಗಾತ್ರದಿಂದಲೇ ವ್ಯಾಪಾರ ಹುಟ್ಟೀತೆಂದು ತೋರಿಸಿದಾಗ ಹೊಸ ಸಿದ್ಧಾಂತ ಬಂತೆಂದು ಸಂಭ್ರಮಿಸಿದರು. ಬಲ ಹುಟ್ಟಿಬರುವುದಿಲ್ಲ, ಕಟ್ಟಿದರೆ ಬರುತ್ತದೆ ಎಂದು ಪುಣೆಯಲ್ಲಿ ನಿಂತು ಹೇಳಿದವರಿಗೆ ಆ ಸಂಭ್ರಮದಲ್ಲಿ ಎಲೆ ಹಾಕಲಿಲ್ಲ.

ಇದು ರುಚಿಯ ಜಗಳ. ಎರಡು ದೇಶ, ಎರಡು ಸರಕು, ಊರು ಕೇರಿಯ ಹಂಗಿಲ್ಲದ ಚೊಕ್ಕ ಚಿತ್ರವನ್ನೇ ಬುದ್ಧಿಯೆಂದು ಮೆಚ್ಚುವ ರುಚಿ ನಮಗೆ ಅಂಟಿದೆ. ಅದೇ ರುಚಿ ಕಲಘಟಗಿಯ ಬಣ್ಣದ ತೊಟ್ಟಿಲನ್ನೂ ನವಲಗುಂದದ ಹೆಣ್ಣುಮಕ್ಕಳ ಜಮಖಾನವನ್ನೂ ಪ್ರದರ್ಶನದ ಮಳಿಗೆಗೆ ಕಳಿಸಿ ಕೈತೊಳೆದುಕೊಳ್ಳುತ್ತದೆ. ಕೈಯಿಂದ ಕೈಗೆ ಕಲಿತು ಬಂದ ಆ ಕಸುಬು ಯಾವ ಕೋಷ್ಟಕದ ಯಾವ ಮನೆಯಲ್ಲೂ ಕೂರುವುದಿಲ್ಲ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿಯನ್ನು ತಂದರು. ಉದ್ದ ಎಳೆಯ ಆ ಹತ್ತಿಯನ್ನು ನಮಗೆ ಮಣ್ಣು ಕೊಟ್ಟಿತೇ, ಕಲಿಕೆ ಕೊಟ್ಟಿತೇ? ಈ ಪ್ರಶ್ನೆಯನ್ನು ವ್ಯಾಪಾರ ಸಿದ್ಧಾಂತದ ಪೇಪರಿನಲ್ಲಿ ಕೇಳಿದ್ದನ್ನು ನಾನು ಕಂಡಿಲ್ಲ.

2025ರ ಆಗಸ್ಟ್ 19ರಿಂದ ಕೇಂದ್ರ ಸರ್ಕಾರ ಹತ್ತಿಯ ಮೇಲಿನ ಶೇ. 11 ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಅಂದದ್ದನ್ನು ಆಮೇಲೆ ಡಿಸೆಂಬರ್ 31ರವರೆಗೆ ಬೆಳೆಸಿತು. ಹೊಸ ಹತ್ತಿ ಪೇಟೆಗೆ ಬರುವ ತಿಂಗಳುಗಳವು. ಗಿರಣಿಗಳಿಗೆ ಅನುಕೂಲ, ರಿಕಾರ್ಡೊನ ಲೆಕ್ಕದಲ್ಲಿ ಒಟ್ಟು ಲಾಭವೂ ಸರಿಯೇ. ಸರ್ಕಾರದ ಸಬ್ಸಿಡಿಯ ಮೇಲೆ ನಿಂತ ಅಮೆರಿಕದ ಹತ್ತಿಯ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಹೋರಾಡಿ ಗೆದ್ದ ಬ್ರೆಜಿಲ್ ಆ ಲೆಕ್ಕಕ್ಕೆ ತೃಪ್ತಿಪಟ್ಟಿರಲಿಲ್ಲ. ಕುಂದಗೋಳದ ಅಡತಿ ಅಂಗಡಿಯ ಮುಂದೆ ಹತ್ತಿ ಇಳಿಸುವ ರೈತನ ಮಗಳು ಎಂ.ಎ. ಓದಲು ಧಾರವಾಡಕ್ಕೆ ಬಂದರೆ, ಈ ಸುಂಕದ ವಿಚಾರಕ್ಕೆ ಅವಳಿಗೆ ಮೊದಲು ಓದಿಸಬೇಕಾದದ್ದು 1892ರ ಆ ಉಪನ್ಯಾಸವನ್ನು. ಪೋರ್ಚುಗಲ್ಲಿನ ವೈನು ಎರಡನೇ ಸೆಮಿಸ್ಟರಿಗಿರಲಿ.